ಮರಿ ಕರೆಯುವ ದನಿ

ಮೊನ್ನೆ ಮಿರಜ ಸ್ಟೇಷನ್ನಿನಲ್ಲಿ ಮಳೆಗೆ ತೊಯ್ದ ಕಂಬಳಿಯ ವಾಸನೆ ಬಂತು. ಉಣ್ಣೆಯ ಕಮಟು, ಅದರೊಳಗೆ ಒಲೆಯ ಹೊಗೆ, ಒಂದಿಷ್ಟು ತಂಬಾಕು. ಬೆಳಗಾವಿ ಕಡೆ ಹೋಗುವ ಗಾಡಿ ತಡವಾಗಿತ್ತು, ಎಷ್ಟು ತಡ ಅಂತ ಹೇಳುವವರು ಯಾರೂ ಇರಲಿಲ್ಲ. ನಾನೋ ಮೊದಲೇ ಕೂತಲ್ಲಿ ಕೂರುವವಳಲ್ಲ. ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ಅಡ್ಡಾಡುತ್ತಿದ್ದವಳು ಗಕ್ಕನೆ ನಿಂತೆ. ಆಮೇಲೆ ವಾಸನೆಯ ಹಿಂದೆ ಹೊರಟೆ. ಎಕ್ಸ್‌ರೇ ಚೀಲ ಹಿಡಿದವರು, ಬುತ್ತಿ ಬಿಚ್ಚಿ ಕೂತವರು, ಗಂಟಿನ ಮೇಲೆ ತಲೆಯಿಟ್ಟು ಮಲಗಿದವರು, ಎಲ್ಲರನ್ನೂ ದಾಟಿಕೊಂಡು, ಒಬ್ಬೊಬ್ಬರ ಮುಖ ನೋಡುತ್ತ...

ನೀರಿನ ನಳದ ಹತ್ತಿರ ಬೆಂಚಿನ ಮೇಲೆ ಒಬ್ಬ ಮುದುಕ ಕಂಬಳಿ ಹೊದ್ದು ಕೂತಿದ್ದ. ಯಾರೋ ಏನೋ, ಗುರುತಿಲ್ಲ. ಏನು ಬೇಕಾಗಿತ್ತರಿ ಅಂತ ಕೇಳಿದ. ಏನಿಲ್ಲ ಅಂದು ಮುಂದೆ ನಡೆದೆ. ತೀರಿಹೋದ ಒಬ್ಬ ಹೆಣ್ಣುಮಗಳನ್ನು ಹುಡುಕುತ್ತಿದ್ದೇನೆ ಅಂತ ಯಾರಿಗಾದರೂ ಹೇಳಲಿಕ್ಕೆ ಬರುತ್ತದೆಯೇ?

ಆಕೆಯನ್ನು ನಾನು ಕಾಕೂ ಅನ್ನುತ್ತಿದ್ದೆ, ಆಕೆಯ ಗಂಡನನ್ನು ಕಾಕಾ. ಸಂಬಂಧ ಏನೂ ಇಲ್ಲ. ಸಾಂಗಲಿಯಲ್ಲಿ ಹುಟ್ಟಿ ಬೆಳೆದ ನಮಗೆ ಹಾದಿಯಲ್ಲಿ ಸಿಕ್ಕವರೆಲ್ಲ ಕಾಕಾ, ಕಾಕೂ, ಮಾವಶಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ, ಸಿಟ್ಟು ಬಂದರೆ ಎರಡೂ. ಅವರಿಬ್ಬರೂ ಮಿರಜ ಹತ್ತಿರದ ಆರಗ ಊರಿನ ಆಚೆ ಕಡೆಯ ಕುರಿ ಕಾಯುವ ಮಂದಿ.

ನಾನು ಮಿರಜದ ಒಂದು ಆಸ್ಪತ್ರೆಯಲ್ಲಿ ದನಿಯ ಚಿಕಿತ್ಸೆ ಮಾಡುತ್ತೇನೆ. ಹಾಗಂದರೆ ಏನು ಅಂತ ನಮ್ಮ ಮಾವಶಿಗೆ ಇವತ್ತಿಗೂ ತಿಳಿದಿಲ್ಲ; ಬಂದವರ ಮುಂದೆಲ್ಲ ನಾನು ಹಾಡು ಕಲಿಸುತ್ತೇನೆ ಅಂತ ಹೇಳುತ್ತಾಳೆ. ಹಾಡೂ ಅಲ್ಲ, ಏನೂ ಅಲ್ಲ. ಒದರಿ ಒದರಿ ಗಂಟಲು ಕೆಡಿಸಿಕೊಂಡವರಿಗೆ ದನಿಯನ್ನು ಹ್ಯಾಗೆ ಬಳಸಬೇಕು ಅಂತ ಹೇಳಿಕೊಡುವ ಕೆಲಸ. ಸಾಲಿ ಮಾಸ್ತರರು ಬರುತ್ತಾರೆ, ಸ್ಟೇಷನ್ ಮುಂದೆ ಜೀಪಿಗೆ ಮಂದಿ ಕರೆಯುವವರು ಬರುತ್ತಾರೆ, ಕುಪವಾಡ ಎಂಐಡಿಸಿಯ ಕಾರ್ಖಾನೆಗಳಲ್ಲಿ ಮಶೀನಿನ ಸಪ್ಪಳದ ಮೇಲೆ ಮಾತಾಡಿ ಮಾತಾಡಿ ದನಿ ಕಳಕೊಂಡವರು ಬರುತ್ತಾರೆ. ಗುದ್ದಲಿ ಹಿಡಿದ ಕೈ ಜಡ್ಡುಗಟ್ಟುತ್ತದಲ್ಲ, ಹಾಗೆ ಗಂಟಲಿನೊಳಗಿನ ಎಳೆಗಳೂ ಜಡ್ಡುಗಟ್ಟುತ್ತವೆ. ಗುಳಿಗೆ ಕೊಟ್ಟರೆ ಯಾರಾದರೂ ನುಂಗಿಯಾರು. ಮಾತಾಡುವ ರೂಢಿ ಬದಲಿಸಿಕೊಳ್ಳಿ ಅಂದರೆ ಮಾತ್ರ ಎಲ್ಲರಿಗೂ ಬೇರೆ ಕೆಲಸ ನೆನಪಾಗುತ್ತದೆ. ಒಂದೆರಡು ಸಲ ಬರುತ್ತಾರೆ, ಹೂಂ ಹೂಂ ಅನ್ನುತ್ತಾರೆ, ಆಮೇಲೆ ಫೋನು ಕೂಡ ಎತ್ತುವುದಿಲ್ಲ. ಈ ಕೆಲಸದಲ್ಲಿ ವ್ಯಾಯಾಮ ಹೇಳಿಕೊಡುವುದು ಸಣ್ಣ ಮಾತು. ಮನೆಗೆ ಹೋದ ಮೇಲೂ ಅದನ್ನು ಬಿಡದಂತೆ ಮಾಡುವುದಿದೆಯಲ್ಲ, ಅದರಲ್ಲೇ ಜೀವ ಹೈರಾಣ.

ಅವರು ಮೊದಲ ಸಲ ಬಂದದ್ದು ಜಿಟಿಜಿಟಿ ಮಳೆ ಹಿಡಿದ ದಿನ. ಕಾಕೂ ತಲೆಯ ಮೇಲೆ ಕಂಬಳಿಯ ಕೊಪ್ಪೆ ಹಾಕಿಕೊಂಡು, ಗಂಡನನ್ನು ಮುಂದೆ ತಳ್ಳಿಕೊಂಡು ಒಳಗೆ ಬಂದಳು. ಕಂಬಳಿ ತೆಗೆದು ನನ್ನ ಕುರ್ಚಿಯ ಬೆನ್ನಿಗೇ ನೇತು ಹಾಕಿದಳು! ನೆಲವೆಲ್ಲ ನೀರು. ನನಗೆ ಸಿಟ್ಟು ಬಂತು, ಅಷ್ಟರಲ್ಲಿ ಆಕೆ ಮಾತು ಶುರು ಮಾಡಿಬಿಟ್ಟಿದ್ದಳು. ಆ ದಿನ ಸಂಜೆಯವರೆಗೂ ನನ್ನ ಸಣ್ಣ ಕೋಣೆ ಕುರಿದಡ್ಡಿಯ ಹಾಗೆ ನಾರುತ್ತಿತ್ತು.

ಕಾಕಾನ ಗಂಟಲಿನಿಂದ ಗಾಳಿ ಬರುತ್ತಿತ್ತು, ದನಿ ಬರುತ್ತಿರಲಿಲ್ಲ. ಬಂದರೂ ಒಡಕು. ಗಂಟಲಿನ ಡಾಕ್ಟರು ನೋಡಿ, ಹೀಗೇ ಒದರುತ್ತ ಹೋದರೆ ಆಪರೇಷನ್ ಮಾಡಬೇಕಾಗುತ್ತದೆ, ಮಾಡಿದ ಮೇಲೂ ಒದರಿದರೆ ಮತ್ತೆ ಬರುತ್ತದೆ, ಮೊದಲು ರೂಢಿ ಬದಲಾಗಲಿ ಅಂತ ನನ್ನ ಕಡೆ ಕಳಿಸಿದ್ದರು. ಕಾಕೂ ಹೇಳಿದ್ದು ಬೇರೆಯೇ ಕತೆ. ಅವರ ಮಗ ಕುಪವಾಡದಲ್ಲಿ ಕೆಲಸಕ್ಕಿದ್ದ. ಕುರಿ ಮಾರಿಬಿಡೋಣ ಅಂತ ಹಟ ಹಿಡಿದಿದ್ದ, ವ್ಯಾಪಾರಿಯ ಹತ್ತಿರ ಮಾತೂ ಆಡಿ ಬಂದಿದ್ದ. ಅವನ ಮಾತೂ ತಪ್ಪಲ್ಲ. ಹಿಂಡು ಅಪ್ಪನ ಕೂಗಿಗಷ್ಟೇ ತಿರುಗುತ್ತದೆ. ಆ ಕೂಗೇ ಹೋದ ಮೇಲೆ ಒಂದು ದಿನ ಯಾರದೋ ದ್ರಾಕ್ಷಿ ತೋಟಕ್ಕೆ ನುಗ್ಗುತ್ತದೆ, ಬಡಿದಾಟ ಆಗುತ್ತದೆ. ದೀಪಾವಳಿಯವರೆಗೆ ನೋಡುತ್ತೇನೆ, ಆಮೇಲೆ ಕೇಳುವುದಿಲ್ಲ ಅಂದಿದ್ದನಂತೆ.

"ಕುರಿ ಹೋದ್ರ ಇವ್ರೂ ಉಳಿಯಂಗಿಲ್ಲರಿ ಡಾಕ್ಟರಬಾಯಿ," ಅಂದಳು ಕಾಕೂ. "ದನಿ ಒಂದ ಕೊಡ್ರಿ, ಮತ್ತೇನೂ ಬ್ಯಾಡ."

ನಾನು ಡಾಕ್ಟರಲ್ಲ ಅಂತ ಎಷ್ಟು ಹೇಳಿದರೂ ಆಕೆ ಕಿವಿಗೆ ಹಾಕಿಕೊಳ್ಳಲಿಲ್ಲ.

ನಾನು ಶುರು ಹಚ್ಚಿದೆ. ಗ್ಲಾಸಿನ ನೀರಿನೊಳಗೆ ನಳಿಗೆ ಇಟ್ಟು ದನಿ ತೆಗೆಯುತ್ತ ಗುಳ್ಳೆ ಎಬ್ಬಿಸುವುದು ಕಾಕಾನಿಗೆ ಬಹಳ ಸೇರಿತು. ಮೂಗಿನಲ್ಲಿ ಗುಂಯ್ ಅನ್ನುವುದೂ ಆಯಿತು. ಆಮೇಲೆ ತುಟಿ ನಡುಗಿಸುವ ವ್ಯಾಯಾಮ. ತುಟಿ ಸಡಿಲ ಬಿಟ್ಟು, ಉಸಿರಿನ ಮೇಲೆ ದನಿ ಕೂರಿಸಿ, ಬುರ್ರ್ರ್ ಅಂತ ತೆಗೆಯಬೇಕು. ಗಂಟಲಿಗೆ ಭಾರ ಬೀಳುವುದೇ ಇಲ್ಲ. ನಾನು ಮಾಡಿ ತೋರಿಸಿದೆ. ಕಾಕಾ ಮುಖ ಕಿಟಕಿಯ ಕಡೆ ತಿರುಗಿಸಿಬಿಟ್ಟ. ಕಾಕೂ ಸೆರಗು ಬಾಯಿಗಿಟ್ಟುಕೊಂಡು ನಗಲಿಕ್ಕೆ ಹತ್ತಿದಳು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಏನಾಯಿತು ಅಂದರೆ ಇಬ್ಬರೂ ಹೇಳಲಿಲ್ಲ. ನಾಚಿಕೆ ಇರಬೇಕು ಅಂದುಕೊಂಡೆ, ಬಹಳ ಮಂದಿಗೆ ಇರುತ್ತದೆ.

ವಾರಗಳು ಉರುಳಿದವು, ದನಿ ಮಾತ್ರ ಇದ್ದಲ್ಲೇ ಇತ್ತು. ನಾನೇನು ಸುಮ್ಮನಿದ್ದೆನೇ? ಗಂಟಲೊಳಗಿನ ಚಿತ್ರ ತೋರಿಸಿ ಹೆದರಿಸಿದೆ. ಒದರಬೇಕು ಅನಿಸಿದಾಗ ಒಂದು ಗುಟುಕು ನೀರು ಕುಡೀರಿ ಅಂತ ಬಾಟಲಿ ಕೊಟ್ಟೆ. ಹೊತ್ತಿಗೆ ಸರಿಯಾಗಿ ಫೋನು ಮಾಡಿ ನೆನಪು ಮಾಡಿದೆ. ಆತು, ಮಾಡತೇನಿ ಅಂತ ಪಿಸುಗುಟ್ಟಿ ಕಾಕಾ ಫೋನು ಇಟ್ಟುಬಿಡುತ್ತಿದ್ದ. ಆಮೇಲಾಮೇಲೆ ಆಸ್ಪತ್ರೆಗೆ ಬರುವುದನ್ನೇ ಬಿಟ್ಟ. ನನಗೋ ಕೋಣೆಯಲ್ಲಿ ಕೂತರೆ ಕಾಲು ಕುಣಿಯುತ್ತದೆ, ಎದ್ದು ನಿಂತರೆ ಕೈ ಏನಾದರೂ ಹುಡುಕುತ್ತದೆ. ದೀಪಾವಳಿ ಹತ್ತಿರ ಬರುತ್ತಿದೆಯಲ್ಲ ಅಂತ ನಿದ್ದೆ ಕೆಟ್ಟಿತು.

ಆದರೆ ಕಾಕೂ ಬರುವುದನ್ನು ಬಿಡಲಿಲ್ಲ. ಗಂಡ ಬರದಿದ್ದರೆ ತಾನೊಬ್ಬಳೇ ಆರಗದಿಂದ ಬಸ್ಸು ಹಿಡಿದು ಬಂದಳು, ಪೇಶಂಟಿನ ಕುರ್ಚಿಯಲ್ಲಿ ಕೂತಳು. ನನಗ ಹೇಳ್ರಿ, ಮನ್ಯಾಗ ನಾ ಮಾಡಸ್ತೇನಿ ಅಂದಳು. ಇಂಥ ಪೇಶಂಟನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಗಟ್ಟಿ ಗಂಟಲಿನ ಹೆಣ್ಣುಮಗಳು ಗಂಡನ ಬದಲು ನೀರಿನಲ್ಲಿ ಗುಳ್ಳೆ ಎಬ್ಬಿಸುತ್ತ ಕೂತಿದ್ದಳು. ಹೊರಗೆ ಸಾಲಿನಲ್ಲಿ ಕೂತವರು ಇಣುಕಿ ನೋಡಿ ನಗುತ್ತಿದ್ದರು. ಆಕೆಗೆ ಅದರ ಪರಿವೆಯೇ ಇರಲಿಲ್ಲ.

ಒಂದು ದಿನ ಹಾಗೆ ಕೂತಾಗಲೇ ಆಕೆ ಜಗಳಕ್ಕೆ ನಿಂತಳು. ನೀವು ಏನು ಹೇಳಿಕೊಟ್ಟಿರೋ ಏನೋ, ನನ್ನ ಗಂಡ ಮನೆಯಲ್ಲಿ ಮೂಕನಾಗಿಬಿಟ್ಟಿದ್ದಾನೆ ಅಂದಳು. ರೊಟ್ಟಿ ಬೇಕಾದರೂ ಕೈಸನ್ನೆ, ಬೇಡವಾದರೂ ಕೈಸನ್ನೆ. ಯಾಕೆ ಅಂದರೆ, ಮನೆಯಲ್ಲಿ ದನಿ ಉಳಿಸಿದರೆ ಹೊಲದಲ್ಲಿ ಒದರಲಿಕ್ಕೆ ಆಗುತ್ತದೆ ಅನ್ನುತ್ತಾನಂತೆ. ಬೇಸಿಗೆಯಲ್ಲಿ ನೀರು ಉಳಿಸಿ ಕುರಿಗೆ ಕುಡಿಸುವವರು ಅವರು. ದನಿಯೂ ಹಾಗೇ, ದಿನಕ್ಕಿಷ್ಟು ಅಂತ ಇರುತ್ತದೆ, ಹೆಂಡತಿಯ ಹತ್ತಿರ ಮಾತಾಡಿ ಅದನ್ನು ಹಾಳು ಮಾಡಬಾರದು ಅಂತ ಕಾಕಾ ಲೆಕ್ಕ ಹಾಕಿದ್ದ. ಗಂಟಲಿಗೆ ಹಿತವಾದ ಮೆತ್ತನೆಯ ಮಾತು ಪೂರಾ ಬಂದ್, ಗಂಟಲು ಹರಿಯುವ ಒದರಾಟ ಪೂರಾ ಚಾಲೂ. ನಾನು ಹಣೆ ಹಣೆ ಬಡಿದುಕೊಂಡೆ.

ಕೋಣೆಯಲ್ಲಿ ಕೂತು ಇದು ಬಗೆಹರಿಯುವುದಿಲ್ಲ ಅನಿಸಿತು. ಅದೇ ರವಿವಾರ ಆರಗದ ಬಸ್ಸು ಹತ್ತಿದೆ. ಕಾಕೂ ಬಸ್ ಸ್ಟ್ಯಾಂಡಿಗೆ ಬಂದು ನಿಂತಿದ್ದಳು. ಎರೆಮಣ್ಣಿನ ಹಾದಿ, ನನ್ನ ಚಪ್ಪಲಿ ಹೆಜ್ಜೆಗೊಮ್ಮೆ ಸಿಕ್ಕಿಕೊಳ್ಳುತ್ತಿತ್ತು, ಆಕೆ ಹಿಂದೆ ತಿರುಗಿ ನೋಡಿ ನಗುತ್ತಿದ್ದಳು. ಅವರು ಕುರಿ ಕೂರಿಸಿದ್ದ ಹೊಲ ಮುಟ್ಟುವಷ್ಟರಲ್ಲಿ ಹೊತ್ತು ಇಳಿಯಲಿಕ್ಕೆ ಬಂದಿತ್ತು. ಬಲೆ ಕಟ್ಟಿದ ದಡ್ಡಿ, ಒಳಗೆ ಮರಿಗಳು ಮಾತ್ರ. ದೊಡ್ಡ ಕುರಿಗಳು ಮೇಯಲಿಕ್ಕೆ ಹೋಗಿದ್ದವು.

ದೂರದಿಂದ ಕಾಕಾನ ಕೂಗು ಕೇಳಿತು. ಹಿಂಡಿನ ಹಿಂದೆ ಬಗ್ಗಿ, ಕುತ್ತಿಗೆಯ ನರ ಉಬ್ಬಿಸಿ, ಇದ್ದ ಬಿದ್ದ ಗಂಟಲೆಲ್ಲ ಹರಕೊಂಡು ಒದರುತ್ತಿದ್ದ. ಅದನ್ನು ಕೇಳುತ್ತಿದ್ದರೆ ನನ್ನ ಗಂಟಲೇ ಉರಿಯಿತು. ಅಷ್ಟರಲ್ಲಿ ಕಾಕೂ ದಡ್ಡಿಯ ಬಾಯಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು, ಮರಿಗಳ ಕಡೆ ಮುಖ ಮಾಡಿ, ತುಟಿ ಸಡಿಲ ಬಿಟ್ಟಳು. ಬುರ್ರ್ರ್...

ನಾನು ನಿಂತಲ್ಲೇ ನಿಂತೆ. ಅದು ನನ್ನ ವ್ಯಾಯಾಮ! ಮರಿಗಳು ಒಂದರ ಮೇಲೊಂದು ಬಿದ್ದು ಆಕೆಯ ಮಡಿಲಿಗೆ ನುಗ್ಗಿದವು. ಅಷ್ಟೇ ಅಲ್ಲ, ಅಷ್ಟರಲ್ಲಿ ದಡ್ಡಿಯ ಹತ್ತಿರ ಬಂದಿದ್ದ ದೊಡ್ಡ ಕುರಿಗಳೂ ಕಾಕಾನ ಕೂಗನ್ನು ಬಿಟ್ಟು ಆಕೆಯ ಕಡೆ ಕತ್ತು ತಿರುಗಿಸಿದವು. ದೊಡ್ಡವೂ ಈ ದನಿಗೆ ಬರುತ್ತವೇನು ಅಂತ ಕೇಳಿದೆ. ಯಾಕೆ ಬರುವುದಿಲ್ಲ, ಎಲ್ಲವೂ ಸಣ್ಣವಿದ್ದಾಗ ನನ್ನ ಕೈಯಲ್ಲೇ ಬೆಳೆದವು ಅಂದಳು.

ಆಸ್ಪತ್ರೆಯಲ್ಲಿ ಆಕೆ ಯಾಕೆ ನಕ್ಕಳು ಅಂತ ಆಗ ತಿಳಿಯಿತು. ಅವರಲ್ಲಿ ಗಂಡಸರು ಹಿಂಡನ್ನು ಗಂಟಲಿನಿಂದ ಕೂಗಿ ಹೊಡಕೊಂಡು ಹೋಗುತ್ತಾರೆ. ದಡ್ಡಿಯಲ್ಲಿ ಉಳಿದ ಹೆಂಗಸರು ಮರಿಗಳನ್ನು ತುಟಿಯಿಂದ ಕರೆಯುತ್ತಾರೆ. ನಾನು ಹೋಗಿ ಹೋಗಿ ಕಾಕಾನಿಗೆ ಹೆಂಗಸರ ಕೂಗು ಕಲಿಸಲಿಕ್ಕೆ ಕೂತಿದ್ದೆ. ಆದರೆ ಹಿಂಡು ಈ ಕೂಗಿಗೂ ಬರುತ್ತದೆ! ಗಂಟಲೂ ಉಳಿಯುತ್ತದೆ, ಕುರಿಗಳೂ ಉಳಿಯುತ್ತವೆ. ನನಗೆ ಖುಷಿ ತಡೆಯಲಾಗಲಿಲ್ಲ, ಅಲ್ಲೇ ಕಾಕಾನ ಮುಂದೆ ನಿಂತು ನಾಳೆಯಿಂದ ಹಿಂಡನ್ನು ಹೀಗೇ ಕರೀರಿ ಅಂದೆ.

ಕಾಕಾನ ಮುಖ ಇಳಿಯಿತು. "ಅದು ಹೆಣ್ಮಕ್ಕಳ ದನಿರಿ," ಅಂದ, ಆ ಒಡಕು ದನಿಯಲ್ಲೇ. "ಅಡವ್ಯಾಗ ನಾಕ ಮಂದಿ ಕುರಿ ಕಾಯಾವ್ರ ಮುಂದ ನಾ ಹಂಗ ಕರದ್ರ, ಸಾಯೂತನಕ ನಗತಾರ."

ನನ್ನ ಬಾಯಿ ತುಂಬ ಬುದ್ಧಿಮಾತು ಬಂದಿತ್ತು. ಕಾಕೂ ನನ್ನ ಮೊಣಕೈ ಹಿಡಿದಳು. ಆಮೇಲೆ ಗಂಡನ ಜೊತೆ ಚೌಕಾಶಿ ನಡೆಸಿದಳು. ಅಡವಿಯಲ್ಲಿ ಬೇಡ. ಸಂಜೆ ಹಿಂಡು ದಡ್ಡಿಗೆ ಬಂದಾಗ, ಯಾರೂ ಇಲ್ಲದಾಗ, ನನ್ನ ಮಗ್ಗುಲಲ್ಲಿ ಕೂತು ಕರೀರಿ, ನಾನೂ ಕರೀತೇನೆ, ಯಾರದು ಯಾರಿಗೆ ತಿಳಿದೀತು? ಕೂಗು ದೂರ ಮುಟ್ಟುವುದಿಲ್ಲ ಅಂತ ಕಾಕಾ ತಕರಾರು ತೆಗೆದ. ಹಂಗಾದರೆ ಸಮೀಪ ಹೋಗಿ ಕರೀರಿ, ಕಾಲು ಅದಾವಲ್ಲ ಅಂದಳು. ನಾನು ಒಂದು ಮಾತು ಸೇರಿಸಿದೆ: ದನಿ ಉಳಿಸುವ ಲೆಕ್ಕ ಬಿಡಿ, ದಿನಾ ಸಂಜೆ ಕಾಕೂನ ಹತ್ತಿರ ಮೆತ್ತಗೆ ಮಾತಾಡಿ, ಅದೂ ಔಷಧವೇ. ಏನು ಮಾತಾಡಲಿ ಅಂತ ಕಾಕಾ ಗಾಬರಿಯಾಗಿ ಕೇಳಿದ. ಕಾಕೂ ಆಕಾಶ ನೋಡಿದಳು.

ಅವತ್ತಿನಿಂದ ಸಂಜೆ ಫೋನು ಮಾಡುವುದು ನನಗೊಂದು ಚಟವಾಯಿತು. ಕಾಕೂ ಫೋನನ್ನು ದಡ್ಡಿಯ ಕಡೆ ಹಿಡಿಯುತ್ತಿದ್ದಳು. ಗಂಟೆಯ ಸಪ್ಪಳ, ಮರಿಗಳ ಕೂಗು, ಆಮೇಲೆ ಸಂಕೋಚದ ಒಂದು ಬುರ್ರ್... ನಡುವೆಯೇ ನಿಲ್ಲುತ್ತಿತ್ತು. ಕಾಕೂ ನಗುತ್ತಿದ್ದಳು. ಮತ್ತೊಮ್ಮೆ ಬುರ್ರ್, ಈ ಸಲ ಸ್ವಲ್ಪ ಉದ್ದ. ಕಾಕಾ ಮತ್ತೆ ಆಸ್ಪತ್ರೆಗೆ ಬರತೊಡಗಿದ, ಒಡಕಿನ ನಡುವೆ ಒಂದೊಂದು ಶಬ್ದ ಸ್ವಚ್ಛವಾಗಿ ಬೀಳತೊಡಗಿತು. ಸಂಜೆಯ ಮಾತೂ ಶುರುವಾಗಿತ್ತು. ಯಾವ ಕುರಿ ಕುಂಟಿತು, ಯಾರ ಹೊಲದಲ್ಲಿ ಹುಲ್ಲಿದೆ, ಅಷ್ಟೇ. ಆದರೆ ಕಾಕೂ ಅದನ್ನು ನನ್ನ ಮುಂದೆ ಹೇಳುವಾಗ ಹೊಸದಾಗಿ ಮದುವೆಯಾದವಳ ಹಾಗೆ ಸೆರಗು ತಿರುವುತ್ತಿದ್ದಳು.

ಅಡವಿಯಲ್ಲಿ ಮಾತ್ರ ಕಾಕಾ ಒದರುವುದನ್ನು ಬಿಡಲಿಲ್ಲ. ಹತ್ತಿರ ಯಾರಾದರೂ ಕುರಿ ಕಾಯುವವರು ಇದ್ದರಂತೂ ಇನ್ನೂ ಜೋರು. ಸಂಜೆ ಗಳಿಸಿದ್ದನ್ನು ಮರುದಿನ ಕಳೆದುಕೊಳ್ಳುತ್ತಿದ್ದ. ಮಗ ಬಂದು ಹೋಗಿ ಮಾಡುತ್ತಿದ್ದ, ವ್ಯಾಪಾರಿ ಒಮ್ಮೆ ಬಂದು ಹಿಂಡು ನೋಡಿಕೊಂಡೂ ಹೋದ. ನನಗೆ ಚಡಪಡಿಕೆ. ಕಾಕೂಗೂ ಚಡಪಡಿಕೆ, ಆದರೆ ಆಕೆಯದು ಬೇರೆ.

"ಒಂದ ಸಲ ಮಂದಿ ಮುಂದ ಹಂಗ ಕರೀಬೇಕ ಇವ್ರು," ಅಂದಳು ಒಂದು ದಿನ ಮೆಟ್ಟಿಲಿಳಿಯುತ್ತ. "ನಾ ನಿಂತ ಕೇಳಬೇಕ. ಅದೊಂದ ಐತಿ ನನ್ನ ಮನಸಿನ್ಯಾಗ."

ನಾನು ಆಗಲಿ ಕಾಕೂ, ಆಗತದ ಅಂದೆ. ಆಕೆ ಕಂಬಳಿ ಝಾಡಿಸಿ ಹೆಗಲಿಗೆ ಹಾಕಿಕೊಂಡು, ಸಿತಾರ ಮಾಡುವವರ ಓಣಿಯ ಕಡೆಯಿಂದ ಬಸ್ಸಿಗೆ ಹೋದಳು. ನಾನು ಆಕೆಯನ್ನು ನೋಡಿದ್ದು ಅದೇ ಕೊನೆ.

ಆಮೇಲೆ ಫೋನು ಹತ್ತಲಿಲ್ಲ. ಆ ದಿನ ಇಲ್ಲ, ಮರುದಿನ ಇಲ್ಲ, ವಾರಗಳು ಕಳೆದರೂ ಇಲ್ಲ. ಎಲ್ಲ ಪೇಶಂಟುಗಳ ಹಾಗೆ ಇವರೂ ಕೈಬಿಟ್ಟರು ಅಂತ ನಾನು ಒಳಗೊಳಗೇ ಕುದಿಯುತ್ತಿದ್ದೆ. ದೀಪಾವಳಿಯ ಮುಂಚೆ ಒಂದು ಮುಂಜಾನೆ ಬಾಗಿಲಲ್ಲಿ ಅದೇ ವಾಸನೆ. ತಲೆಯೆತ್ತಿದರೆ ಕಂಬಳಿ ಹೊದ್ದ ಕಾಕಾ, ಒಬ್ಬನೇ. ಕಾಕೂ ಎಲ್ಲಿ ಅಂತ ಕೇಳಿದೆ.

"ನಿಮ್ಮ ಕಾಕೂ ಹೋದಳ್ರಿ."

ನನ್ನ ಸುಡುಗಾಡು ಕಿವಿ... ಅದು ಮೊದಲು ಕೇಳಿದ್ದು ದನಿಯನ್ನು. ಒಡಕಿಲ್ಲ, ಗಾಳಿಯಿಲ್ಲ, ತೊಳೆದಿಟ್ಟ ಹಾಗೆ ಸ್ವಚ್ಛ ದನಿ. ಒಂದು ಗಳಿಗೆ ನನಗೆ ಸಂತೋಷವೇ ಆಗಿಬಿಟ್ಟಿತ್ತು. ಆಮೇಲೆ ಮಾತಿನ ಅರ್ಥ ಒಳಗೆ ಇಳಿಯಿತು. ಅಂಥ ಗಳಿಗೆ ನನ್ನ ವೈರಿಗೂ ಬೇಡ.

ಕಾಕಾ ಕೂತು ಎಲ್ಲ ಹೇಳಿದ. ಎದಿ ನೋವು ಅಂದಳಂತೆ, ಗಾಡಿ ತರಿಸುವಷ್ಟರಲ್ಲಿ ಮುಗಿದೇಹೋಯಿತಂತೆ. ಮಣ್ಣು ಮಾಡಿ ಬಂದಾಗ ಮಂದಿಯೆಲ್ಲ ಹೊಲದಲ್ಲಿ ಸೇರಿದ್ದರು, ಆ ಭಾಗದ ಕುರಿ ಕಾಯುವವರೆಲ್ಲ ಇದ್ದರು. ಕುರಿಗಳು ಮುಂಜಾನೆಯಿಂದ ಉಪವಾಸ. ಮೇಯಿಸಿ ತರೋಣ ಅಂತ ದಡ್ಡಿ ಬಿಚ್ಚಿದರೆ ಒಂದೂ ಕದಲಲಿಲ್ಲ. ಕಾಕೂ ಕೂರುತ್ತಿದ್ದ ಜಾಗದಲ್ಲಿ ಒತ್ತಿಕೊಂಡು ನಿಂತು ಒಂದೇ ಸವನೆ ಅರಚುತ್ತಿದ್ದವು. ಇವರು ಒದರಿದರು, ಅವರು ಒದರಿದರು, ಕೋಲು ಬೀಸಿದರು. ಇನ್ನೇನು, ನಾಳೆಯೇ ವ್ಯಾಪಾರಿಯನ್ನು ಕರೆಸುತ್ತೇನೆ ಅಂತ ಮಗ ಫೋನು ತೆಗೆದ.

ಆಗ ಕಾಕಾ ಎಲ್ಲರ ಮುಂದೆ ಹೋಗಿ ಆಕೆ ಕೂರುತ್ತಿದ್ದ ಹಾಗೆಯೇ ಕುಕ್ಕರಗಾಲಿನಲ್ಲಿ ಕೂತನಂತೆ. ಮಂದಿ ನೋಡುತ್ತಿದ್ದರು. ತುಟಿ ಸಡಿಲ ಬಿಟ್ಟ. ಕುರಿಗಳು ಅರಚುವುದನ್ನು ನಿಲ್ಲಿಸಿದವು. ಅವನು ಎದ್ದು, ಹಾಗೇ ಕರೆಯುತ್ತ ಹಾದಿ ಹಿಡಿದ; ಹಿಂಡು ಪೂರಾ ಅವನ ಹಿಂದೆ ನಡೆಯಿತು. ಯಾರೂ ನಗಲಿಲ್ಲ. ಮಗ ಫೋನನ್ನು ಕಿಸೆಯಲ್ಲಿಟ್ಟ, ಮತ್ತೆ ವ್ಯಾಪಾರಿಯ ಮಾತು ತೆಗೆಯಲಿಲ್ಲ. ಆವತ್ತಿನಿಂದ ಕಾಕಾ ಅಡವಿಯಲ್ಲೂ ಒದರಿಲ್ಲ.

"ಆಕಿ ಕೇಳಬೇಕಂತಿದ್ದಳ್ರಿ," ಅಂದ. "ಆಕಿ ಕೇಳಲಿಲ್ಲ. ಆಕಿ ಬದಲಿ ನೀವರ ಕೇಳ್ರಿ ಅಂತ ಬಂದೇನಿ."

ಮತ್ತು ನನ್ನ ಕೋಣೆಯಲ್ಲಿ, ಪೇಶಂಟಿನ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ ಕರೆದ. ಥೇಟು ಕಾಕೂನ ಕೂಗು, ಕೊನೆಯಲ್ಲಿ ಸಣ್ಣಗೆ ಮೇಲೇರುವುದು ಕೂಡ. ಹೊರಗಿನ ಸಾಲಿನಲ್ಲಿ ಮಾತು ನಿಂತಿತು. ನಾನು ಗೋಡೆಯ ಕಡೆ ತಿರುಗಿ ಅತ್ತೆ. ಅಷ್ಟು ಒಳ್ಳೆಯ ದನಿಯನ್ನು ನಾನು ಈ ಕೆಲಸದಲ್ಲಿ ಕೇಳಿಲ್ಲ, ಇನ್ನು ಕೇಳುತ್ತೇನೆ ಅಂತಲೂ ಅನಿಸುವುದಿಲ್ಲ.

ಕಾಕಾ ಮತ್ತೆ ಬರಲಿಲ್ಲ, ಬರುವ ಅಗತ್ಯವೂ ಇರಲಿಲ್ಲ. ಆರಗದ ಕಡೆಯಿಂದ ಬಂದವರು ಹಿಂಡು ಇನ್ನೂ ಇದೆ ಅನ್ನುತ್ತಾರೆ. ಈಗ ನನ್ನ ಕೋಣೆಯಲ್ಲಿ ಪೇಶಂಟಿನ ಮಗ್ಗುಲಿಗೆ ಇನ್ನೊಂದು ಕುರ್ಚಿ ಇದೆ. ಹೊಸಬರು ಬಂದರೆ, ಮನೆಯಲ್ಲಿ ಸಂಜೆ ಯಾರ ಹತ್ತಿರ ಮಾತಾಡುತ್ತೀರೋ ಅವರನ್ನು ಕರಕೊಂಡು ಬರ್ರಿ ಅನ್ನುತ್ತೇನೆ. ಕೆಲವರು ಕರಕೊಂಡು ಬರುತ್ತಾರೆ. ಕೆಲವರು, ಅಂಥವರು ಯಾರೂ ಇಲ್ಲರಿ ಅಂತ ತಲೆ ತಗ್ಗಿಸುತ್ತಾರೆ. ಆಗ ಆ ಕುರ್ಚಿಯಲ್ಲಿ ನಾನೇ ಕೂರುತ್ತೇನೆ, ಕೂರಲಿಕ್ಕೆ ಎಷ್ಟು ಕಷ್ಟವಾದರೂ.

ಸ್ಟೇಷನ್ನಿನಲ್ಲಿ ಗಾಡಿ ಇನ್ನೂ ಬಂದಿರಲಿಲ್ಲ. ಚಹಾ ತಗೊಂಡೆ, ಕುಡಿಯದೆ ಚೆಲ್ಲಿದೆ. ಕಾಲು ತಾವಾಗಿಯೇ ಮತ್ತೆ ಆ ನಳದ ಕಡೆ ಹೋದವು. ಮುದುಕನ ಕಂಬಳಿ ಒಣಗಲಿಕ್ಕೆ ಹತ್ತಿತ್ತು, ವಾಸನೆ ಕಡಿಮೆಯಾಗುತ್ತಿತ್ತು, ಇನ್ನು ಸ್ವಲ್ಪ ಹೊತ್ತಿಗೆ ಪೂರಾ ಹೋಗುತ್ತದೆ ಅನಿಸಿತು. ನನಗೇ ತಿಳಿಯದ ಹಾಗೆ ತುಟಿ ಸಡಿಲಾದವು. ಬುರ್ರ್ರ್...

ಮುದುಕ ತಲೆಯೆತ್ತಿದ. ಆ ಕೂಗು ಅವನಿಗೆ ಗುರುತು ಹತ್ತಿತು.

"ಮರಿ ತಪ್ಪಿಸ್ಕೊಂಡಾವೇನ್ರಿ?" ಅಂತ ಕೇಳಿದ.

"ಮರಿ ಅಲ್ಲರಿ ಅಜ್ಜಾರ," ಅಂದೆ. "ಅವನ್ನ ಕರಿಯುವಾಕಿ ಹೋಗಿಬಿಟ್ಟಾಳ."

ಅವನು ಬೆಂಚಿನ ಮೇಲೆ ಸರಿದು, ಕಂಬಳಿ ಮಡಿಸಿಕೊಂಡು ಜಾಗ ಮಾಡಿಕೊಟ್ಟ. ಗಾಡಿ ಬರುವ ತನಕ ನಾನು ಅಲ್ಲೇ ಕೂತೆ.